‘ಪ್ಲೇಯರ್ ಡೆವಲಪ್‌ಮೆಂಟ್ ಡೈರೆಕ್ಟರ್’: ಅಭಿವೃದ್ಧಿಯೋ, ಬೆಳವಣಿಗೆಯೋ?

ಪ್ರಶ್ನೆ: ಅಮೆರಿಕದ ಕೆಲವು ಕಾಲೇಜು ಲಕ್ರಾಸ್ (ತುದಿಗೆ ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ) ತಂಡಗಳಲ್ಲಿ ಮುಖ್ಯ ಕೋಚ್ ಕೈಕೆಳಗೆ ‘ಡೈರೆಕ್ಟರ್ ಆಫ್ ಪ್ಲೇಯರ್ ಡೆವಲಪ್‌ಮೆಂಟ್’ ಎಂಬ ಹುದ್ದೆ ಇರುತ್ತದೆ. ‘ಆಟಗಾರರ ಅಭಿವೃದ್ಧಿ ನಿರ್ದೇಶಕ’ ಎಂದರೆ ಯಾವುದೋ ನಿಗಮದ ಹುದ್ದೆಯಂತೆ ಕೇಳಿಸುತ್ತದೆ. ಈ ಕೆಲಸ ಪ್ರೇಕ್ಷಕರ ಕಣ್ಣಿಗೆ ಬೀಳುವಂಥದ್ದಲ್ಲ. ‘ತೆರೆಮರೆಯ ಪಾತ್ರ’ ಎನ್ನಬಹುದೆ? ಬಲ್ಲವರು ತಿಳಿಸಿ.

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಕನ್ನಡದಲ್ಲಿ ಕೆರೆ, ರಸ್ತೆ, ಬಡಾವಣೆಗಳನ್ನು ಅಭಿವೃದ್ಧಿಪಡಿಸುತ್ತೇವೆ. ಮಗುವನ್ನು, ಶಿಷ್ಯನನ್ನು, ಆಟಗಾರನನ್ನು ಬೆಳೆಸುತ್ತೇವೆ. ‘ನಿರ್ದೇಶಕ’ವೂ ದಾರಿ ತಪ್ಪಿಸುತ್ತದೆ. ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಎಲ್ಲ ಆಟಗಳಿಗೂ ಹೊಣೆಗಾರರು. ನೀವು ಕೇಳಿದ ಹುದ್ದೆಯವರು ಒಂದೇ ತಂಡಕ್ಕೆ ಸೇರಿದವರು.

ಪದಕ್ಕಿಂತ ಮೊದಲು ಕೆಲಸ ನೋಡೋಣ. ಕಾಲೇಜಿನಿಂದ ಕಾಲೇಜಿಗೆ ಅದು ಬದಲಾಗುತ್ತದೆ, ಹಲವೆಡೆ ಅದರಲ್ಲಿ ಓದಿನ ಲೆಕ್ಕವೂ ಸೇರುತ್ತದೆ. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ಮೊದಲ ವಿಭಾಗದಲ್ಲಿ ಆಡಬೇಕಾದರೆ ವಿದ್ಯಾರ್ಥಿ ಮೂರನೆಯ ವರ್ಷಕ್ಕೆ ಕಾಲಿಡುವಾಗ ತನ್ನ ಪದವಿಯ ಶೇ 40, ನಾಲ್ಕನೆಯದಕ್ಕೆ ಶೇ 60, ಐದನೆಯದಕ್ಕೆ ಶೇ 80 ಭಾಗ ಮುಗಿಸಿರಬೇಕು. 120 ಕ್ರೆಡಿಟ್‌ಗಳ ಪದವಿಯಾದರೆ 48, 72, 96. ಎಡವಟ್ಟಾಗುವುದು ಹುಡುಗ ಎರಡು ವರ್ಷ ಓದಿದ ಮೇಲೆ ಮುಖ್ಯ ವಿಷಯ ಬದಲಿಸಿದಾಗ. ಕೈಯಲ್ಲಿ 52 ಕ್ರೆಡಿಟ್ ಇದ್ದರೂ ಹೊಸ ಪದವಿಗೆ ಸಲ್ಲುವುದು 40 ಮಾತ್ರ ಎಂದಾದರೆ ಅವನು ಕಣಕ್ಕಿಳಿಯುವಂತಿಲ್ಲ. ಬೇಸಿಗೆ ತರಗತಿಯಲ್ಲಿ ಆ ಕೊರತೆ ತುಂಬಿಸಬಹುದು, ಯಾರಾದರೂ ಮೇ ತಿಂಗಳಲ್ಲೇ ಅದನ್ನು ಗಮನಿಸಿದ್ದರೆ. ಆ ‘ಯಾರಾದರೂ’ ಹಲವೆಡೆ ಈ ಹುದ್ದೆಯವರೇ. ಪಂದ್ಯಗಳು ಫೆಬ್ರುವರಿಯಿಂದ ಮೇವರೆಗೆ ನಡೆಯುವುದರಿಂದ, ಪ್ರಯೋಗಾಲಯದ ವಿಷಯಗಳನ್ನು ಆದಷ್ಟೂ ಆಗಸ್ಟ್–ಡಿಸೆಂಬರ್ ಸೆಮಿಸ್ಟರ್‌ಗೇ ಸರಿಸಲು ಶೈಕ್ಷಣಿಕ ಸಲಹೆಗಾರರ ಜತೆ ಕೂರಬೇಕು.

ಗಂಟೆಗಳ ಲೆಕ್ಕವೂ ಉಂಟು. ಪಂದ್ಯಗಳ ಕಾಲದಲ್ಲಿ ಅಭ್ಯಾಸ, ಪಂದ್ಯ ಎಲ್ಲ ಸೇರಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ, ದಿನಕ್ಕೆ 4, ವಾರದಲ್ಲೊಂದು ದಿನ ಪೂರ್ತಿ ಬಿಡುವು. ಪಂದ್ಯದ ದಿನ ಎಷ್ಟೇ ಹೊತ್ತಾದರೂ 3 ಗಂಟೆ ಎಂದೇ ಬರೆದುಕೊಳ್ಳಬೇಕು. ಕಡ್ಡಾಯವಾಗಿ ಕೂರಿಸಿ ವಿಡಿಯೊ ತೋರಿಸಿದರೆ ಅದೂ ಈ 20ರೊಳಗೇ ಸೇರುತ್ತದೆ. ಮರೆತುಹೋಗುವುದು ಹೆಚ್ಚಾಗಿ ಇದೇ. ಉಳಿದಂತೆ ಹೊಸಬರನ್ನು ಒಗ್ಗಿಸುವುದು, ಬೇಸಿಗೆಯ ಇಂಟರ್ನ್‌ಶಿಪ್, ಹಳೆಯ ಆಟಗಾರರ ಮೂಲಕ ಉದ್ಯೋಗದ ದಾರಿ.

ಈಗ ಪದಕ್ಕೆ ಬರೋಣ. ‘ಬೆಳವಣಿಗೆ’ ಎಂದಷ್ಟೇ ಅಂದರೆ ಅದು ತಾನಾಗಿಯೇ ಆಗುವಂಥದ್ದು. ‘ಬೆಳೆಸುವಿಕೆ’ ನಾಲಿಗೆಗೆ ಒಗ್ಗದು. ‘ಪಳಗಿಸು’ ಎಂದರೆ ಆನೆ ನೆನಪಾಗುತ್ತದೆ. ‘ಉಸ್ತುವಾರಿ’ಯಲ್ಲಿ ಮೇಲಿಂದ ಮೇಲೆ ವಿಚಾರಿಸಿಕೊಳ್ಳುವ ಭಾವ ಇದೆ. ಆದ್ದರಿಂದ ‘ಆಟಗಾರರ ಬೆಳವಣಿಗೆಯ ಉಸ್ತುವಾರಿ’ ನನ್ನ ಆಯ್ಕೆ. ವ್ಯಕ್ತಿಯನ್ನು ಹೇಳುವಾಗ ‘ಉಸ್ತುವಾರಿ ಹೊತ್ತವರು’ ಎಂದರಾಯಿತು.

‘ತೆರೆಮರೆ’ ಬೇಡ. ಪತ್ರಿಕೆಗಳು ಚುನಾವಣೆಯ ಟಿಕೆಟ್, ಮಂತ್ರಿಗಿರಿಗಳಿಗೆ ನಡೆಯುವ ‘ತೆರೆಮರೆಯ ಕಸರತ್ತು’ ಬರೆದು ಬರೆದು ಆ ಪದಕ್ಕೆ ಗುಟ್ಟಿನ ವಾಸನೆ ಅಂಟಿದೆ. ‘ಮೈದಾನದಾಚೆಯ ಕೆಲಸ’ ಎನ್ನಿ.

ಇನ್ನೊಬ್ಬರ ಸೇರ್ಪಡೆ: ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಡನೆ. ಇದೇ ಹೆಸರಿನ ಹುದ್ದೆ ಕೆಲವೆಡೆ ಎಸೆತ, ಹಿಡಿತ, ಆಟದ ಆರಂಭದಲ್ಲಿ ಇಬ್ಬರು ಚೆಂಡಿಗಾಗಿ ಸೆಣಸುವ ಫೇಸ್‌ಆಫ್‌ಗಳ ಅಭ್ಯಾಸಕ್ಕೆ ಸಂಬಂಧಿಸಿದ್ದು. ಮೂಲದಲ್ಲಿ ಅಂಥ ವಿವರ ಕಂಡರೆ ‘ಕೌಶಲ ತರಬೇತಿಯ ಉಸ್ತುವಾರಿ’ ಎಂದು ಬದಲಿಸಬೇಕು.