ಅಲಾಸ್ಕಾದ ಪಶ್ಚಿಮ ಕರಾವಳಿ: ಕಡಲ ನೆರೆಯ ಅಪಾಯವನ್ನು ಯಾವ ದಾಖಲೆಯಿಂದ ಅಳೆಯಬೇಕು?

ಪ್ರಶ್ನೆ

ನಾನು ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕುಸ್ಕೊಕ್ವಿಮ್ ನದಿಯ ಮುಖಜಭೂಮಿಯಿಂದ ಹಿಡಿದು ಬೇರಿಂಗ್ ಜಲಸಂಧಿಯ ಆಚೆಗಿರುವ ಶಿಶ್ಮರೆಫ್‌ವರೆಗಿನ ಅಲಾಸ್ಕಾದ ಕರಾವಳಿಯಲ್ಲಿ ಬಿರುಗಾಳಿಗಳು ತರುವ ನೆರೆಯ ಕುರಿತು ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ನೋಮ್ ಪಟ್ಟಣವನ್ನು ಹಾಳುಗೆಡವಿದ 1913ರ ಬಿರುಗಾಳಿ, 1974 ಮತ್ತು 2011ರ ನವೆಂಬರ್ ತಿಂಗಳಿನವು, 2022ರ ಸೆಪ್ಟೆಂಬರಿನಲ್ಲಿ ಬಂದ ಮೆರ್ಬಾಕ್, 2025ರ ಅಕ್ಟೋಬರಿನಲ್ಲಿ ಬಂದ ಹಾಲೊಂಗ್, ಇಷ್ಟನ್ನು ಪಟ್ಟಿ ಮಾಡಿಕೊಂಡಿದ್ದೇನೆ. ಕೊನೆಯ ಎರಡರ ನಡುವೆ ಮೂರೇ ವರ್ಷಗಳ ಅಂತರವಿರುವುದನ್ನು ಕಂಡಾಗ ಬಿರುಗಾಳಿಗಳೇ ಹೆಚ್ಚುತ್ತಿವೆ ಎಂದು ಬರೆದುಬಿಡೋಣ ಎನಿಸುತ್ತದೆ. ಆದರೆ ಹಳೆಯವು ಎಷ್ಟೋ ದಾಖಲಾಗದೆಯೇ ಹೋಗಿರಬಹುದು ಎಂಬ ಸಂಶಯವೂ ಬಿಡುತ್ತಿಲ್ಲ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಲೆಕ್ಕವನ್ನು ಇಂತಹ ಕರಾವಳಿಗೆ ಅನ್ವಯಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಸಂಶಯ ಸರಿಯಾದದ್ದು, ಅದನ್ನು ಬಿಟ್ಟುಕೊಡಬೇಡಿ. ನೋಮ್‌ನ ಈಗಿನ ಉಬ್ಬರ ಮಾಪಕದ ದಾಖಲೆ 1992ರಿಂದ ಈಚಿನದು. ಹೀಗಾಗಿ ಮೆರ್ಬಾಕ್ ಬಂದಾಗ ನೀರು 10 ಅಡಿಗೂ ಮಿಕ್ಕಿ ಏರಿತ್ತು ಎನ್ನುವ ಅಂಕಿ ಮಾಪಕ ಕೊಟ್ಟದ್ದು. ಅದಕ್ಕಿಂತ ಹೆಚ್ಚೆಂದು ಹೇಳುವ 1974ರ ಮಟ್ಟವನ್ನು ನೀರು ಉಳಿಸಿಹೋದ ಗುರುತುಗಳಿಂದ ಅಂದಾಜಿಸಲಾಗಿದೆ. ಈ ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಸರಾಸರಿ ತೆಗೆಯುವ ಮೊದಲು, ಎತ್ತರವನ್ನು ಯಾವ ಮಟ್ಟದಿಂದ ಅಳೆದಿದ್ದಾರೆ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು. ಕರಾವಳಿಯ ಬಹುಪಾಲು ಹಳ್ಳಿಗಳಲ್ಲಂತೂ ದೀರ್ಘಕಾಲ ನಡೆದ ಮಾಪಕವೇ ಇಲ್ಲ. ಮೂವತ್ತು ಚಿಲ್ಲರೆ ವರ್ಷಗಳ ದಾಖಲೆಯಿಂದ ನೂರು ವರ್ಷದ ನೆರೆಯನ್ನು ಹೇಳುವುದೆಂದರೆ, ಕೈಯಲ್ಲಿರುವ ಹಾಳೆಯ ಆಚೆಗೂ ಗೆರೆ ಎಳೆದಂತೆ.

ನಾನು ಒಂದು ಬೇಸಿಗೆಯಲ್ಲಿ ನಾರ್ಟನ್ ಸೌಂಡ್ ಕೊಲ್ಲಿಯ ದಡದಲ್ಲಿ ನೆಲದ ಎತ್ತರ ಅಳೆಯುವ ತಂಡದೊಂದಿಗಿದ್ದೆ. ಸಮುದ್ರದಿಂದ ಬಹಳ ದೂರ ಒಳಗೆ, ಮೊಣಕಾಲೆತ್ತರದ ಪೊದೆಗಳಷ್ಟೇ ಇರುವ ಟುಂಡ್ರಾ ಬಯಲಿನಲ್ಲಿ, ಬೂದು ಬಣ್ಣಕ್ಕೆ ತಿರುಗಿದ ದೊಡ್ಡ ಮರದ ದಿಮ್ಮಿಗಳು ಒಂದೇ ಸಾಲಿನಲ್ಲಿ ಬಿದ್ದಿದ್ದವು. ಅವು ಯುಕಾನ್‌ನಂತಹ ನದಿಗಳು ಒಳನಾಡಿನ ಕಾಡಿನಿಂದ ಹೊತ್ತು ತಂದು ಕಡಲಿಗೆ ಹಾಕಿದ ಸ್ಪ್ರೂಸ್ ಮರಗಳು. ಅವನ್ನು ಅಲ್ಲಿಯವರೆಗೆ ತಂದಿರಿಸಲು ನೀರಿಗಲ್ಲದೆ ಬೇರಾವುದಕ್ಕೂ ಸಾಧ್ಯವಿಲ್ಲ. ಕೆಲವು ದಿಮ್ಮಿಗಳ ಮೇಲೆ ಕಲ್ಲುಹೂವು ದಟ್ಟವಾಗಿ ಬೆಳೆದಿತ್ತು, ಕೆಲವು ಮುಟ್ಟಿದರೆ ಪುಡಿಯಾಗುತ್ತಿದ್ದವು. 1974ರ ನೆರೆ ಎಲ್ಲಿಯವರೆಗೆ ಹರಡಿತ್ತು ಎಂಬುದನ್ನು ಸಂಶೋಧಕರು ಗುರುತಿಸಿದ್ದು ಬಹುಮಟ್ಟಿಗೆ ಇಂತಹ ಸಾಲುಗಳಿಂದಲೇ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಕ್ರುಸೆನ್‌ಸ್ಟರ್ನ್ ಮತ್ತು ಎಸ್ಪೆನ್‌ಬರ್ಗ್ ಭೂಶಿರಗಳಲ್ಲಿ ಸಾವಿರಾರು ವರ್ಷಗಳಿಂದ ಒಂದರ ಪಕ್ಕ ಒಂದು ಬೆಳೆದ ಮರಳು ದಿಣ್ಣೆಗಳಿವೆ. ಅವುಗಳಲ್ಲಿ ಬಿರುಗಾಳಿಗಳು ಬಲವಾಗಿದ್ದ ಕಾಲವನ್ನೂ ಕಡಲು ಶಾಂತವಾಗಿದ್ದ ಕಾಲವನ್ನೂ ಓದಬಹುದು.

ಉತ್ತರ 2

ಮೇಲಿನವರು ದಾಖಲೆಯ ವಿಷಯ ಹೇಳಿದ್ದಾರೆ. ನಾನು ಕಾರಣಗಳ ಕಡೆಗೆ ಗಮನ ಸೆಳೆಯುತ್ತೇನೆ. ನಾರ್ಟನ್ ಸೌಂಡ್‌ನ ಸರಾಸರಿ ಆಳ 20 ಮೀಟರಿಗೂ ಕಡಿಮೆ. ಮೆರ್ಬಾಕ್‌ನ ಕೇಂದ್ರದಲ್ಲಿ ವಾಯುಭಾರ ಸಾಮಾನ್ಯ ಮಟ್ಟವಾದ ಸುಮಾರು 1013 ಮಿಲಿಬಾರ್‌ನಿಂದ ಸುಮಾರು 937ಕ್ಕೆ ಇಳಿದಿತ್ತು. ಒಂದು ಮಿಲಿಬಾರ್ ಇಳಿದರೆ ನೀರು ಸರಿಸುಮಾರು ಒಂದು ಸೆಂಟಿಮೀಟರ್ ಏರುವುದರಿಂದ, ಕೇಂದ್ರದಲ್ಲಿಯೇ ಈ ಏರಿಕೆ ಮುಕ್ಕಾಲು ಮೀಟರಿನಷ್ಟು; ದೂರದ ದಡದಲ್ಲಿ ಇನ್ನೂ ಕಡಿಮೆ. ಉಳಿದದ್ದೆಲ್ಲ ಗಾಳಿಯ ಕೆಲಸ. ದಕ್ಷಿಣ ಮತ್ತು ನೈಋತ್ಯದ ಗಾಳಿ ಗಂಟೆಗಟ್ಟಲೆ ಒಂದೇ ಸಮನೆ ಬೀಸಿ ನೀರನ್ನು ಆ ಆಳವಿಲ್ಲದ ಕೊಲ್ಲಿಯೊಳಕ್ಕೆ ತಳ್ಳುವಾಗ, ತಳದಲ್ಲಿ ಹಿಂದಿರುಗಿ ಹರಿಯಲು ಸ್ಥಳವಿಲ್ಲದೆ ನೀರು ದಡದ ಮೇಲೆಯೇ ಏರುತ್ತದೆ. ಗೊಲೊವಿನ್ ಹಳ್ಳಿಯ ಮನೆಗಳು ಅಂದು ತಳಪಾಯದಿಂದ ಎದ್ದು ತೇಲಿದ್ದು ಹೀಗೆಯೇ.

ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ ಇದು: ಬಿರುಗಾಳಿಗಳ ಸಂಖ್ಯೆ ಹೆಚ್ಚಿದೆ ಎಂದು ಐದು ಘಟನೆಗಳ ಪಟ್ಟಿಯಿಂದ ಹೇಳಲಾಗದು, ಆದರೆ ಕಡಲು ತೆರೆದಿರುವ ಅವಧಿ ಹೆಚ್ಚಿದೆ ಎಂದು ಧೈರ್ಯವಾಗಿ ಬರೆಯಬಹುದು. ಶರತ್ಕಾಲದ ಕೊನೆಗೆ ದಡಕ್ಕೆ ಕಚ್ಚಿಕೊಂಡು ಹೆಪ್ಪುಗಟ್ಟುವ ಮಂಜುಗಡ್ಡೆ ಅಲೆಗಳ ಬಲವನ್ನು ಮುರಿಯುತ್ತದೆ. ಅದು ತಡವಾಗಿ ಕಟ್ಟತೊಡಗಿದಂತೆಲ್ಲ, ಹಿಂದೆ ಮಂಜಿನ ಮೇಲೆ ಹಾದುಹೋಗುತ್ತಿದ್ದ ಬಿರುಗಾಳಿ ಈಗ ಬರಿಯ ನೀರಿನ ಮೇಲೆ ಬರುತ್ತದೆ. ಆದ್ದರಿಂದ ಪ್ರತಿ ಬಿರುಗಾಳಿಯ ಮುಂದೆ ಆ ದಿನ ದಡದಲ್ಲಿ ಮಂಜುಗಡ್ಡೆ ಇತ್ತೇ ಇಲ್ಲವೇ ಎಂಬ ಒಂದು ಅಂಕಣವನ್ನು ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಮಂಜುಗಡ್ಡೆಯ ಅಂಕಣ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಮಾತು: ಹಾಲೊಂಗ್ ಹಾವಳಿ ನಾರ್ಟನ್ ಸೌಂಡ್‌ಗಿಂತ ದಕ್ಷಿಣದ ಕಿಪ್ನುಕ್ ಮತ್ತು ಕ್ವಿಗಿಲಿಂಗೊಕ್ ಹಳ್ಳಿಗಳಲ್ಲಿ ಹೆಚ್ಚಾಯಿತಲ್ಲ, ಅದನ್ನು ಇದೇ ಚೌಕಟ್ಟಿನಲ್ಲಿ ವಿವರಿಸಬಹುದೇ?

ಉತ್ತರ 3

ಪೂರ್ತಿಯಾಗಿ ಆಗದು. ಕಿಪ್ನುಕ್‌ನಲ್ಲಿ ನೀರು ಸಾಮಾನ್ಯ ಗರಿಷ್ಠ ಉಬ್ಬರಕ್ಕಿಂತ 6 ಅಡಿಗೂ ಹೆಚ್ಚು ಏರಿ, ಜನರು ಒಳಗಿರುವಾಗಲೇ ಮನೆಗಳು ತೇಲಿಹೋದವು. ಸಾವಿರಕ್ಕೂ ಹೆಚ್ಚು ಮಂದಿಯನ್ನು ವಿಮಾನ, ಹೆಲಿಕಾಪ್ಟರ್‌ಗಳಲ್ಲಿ ಸಾಗಿಸಬೇಕಾಯಿತು, ಏಕೆಂದರೆ ಆ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ಅಲ್ಲಿ ನೀರಿನ ಏರಿಕೆಯ ಜೊತೆಗೆ ನೆಲದ ಇಳಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಖಜಭೂಮಿಯ ಮಣ್ಣಿನೊಳಗೆ ವರ್ಷಾನುಗಟ್ಟಲೆ ಹೆಪ್ಪುಗಟ್ಟಿದ್ದ ನೀರು ಕರಗಿದಾಗ ನೆಲ ಕುಸಿಯುತ್ತದೆ, ನದಿಯ ದಂಡೆ ಹೋಳುಹೋಳಾಗಿ ಜಾರುತ್ತದೆ. ಕರಗುವಿಕೆ, ಕೊರೆತ, ನೆರೆ ಮೂರೂ ಕೂಡಿ ನೆಲ ಕುಸಿಯುವುದಕ್ಕೆ ಅಲ್ಲಿನ ಮೂಲನಿವಾಸಿಗಳ ಯೂಪಿಕ್ ಭಾಷೆಯಲ್ಲಿ ‘ಉಸ್ತೆಕ್’ ಎಂಬ ಒಂದೇ ಪದವಿದ್ದು, ಅಲಾಸ್ಕಾ ರಾಜ್ಯದ ವಿಪತ್ತು ಯೋಜನೆಯೂ ಅದನ್ನು ಸ್ವೀಕರಿಸಿದೆ. ನಿಮ್ಮ ಪ್ರಬಂಧದಲ್ಲಿ ಈ ಪದಕ್ಕೆ ಖಂಡಿತ ಜಾಗ ಕೊಡಿ.

ನ್ಯೂಟಾಕ್ ಹಳ್ಳಿಯವರು 2019ರಿಂದ 2024ರ ನಡುವೆ ಸುಮಾರು ಒಂಬತ್ತು ಮೈಲು ದೂರದ ಎತ್ತರದ ಮೆರ್ತಾರ್ವಿಕ್‌ಗೆ ಸ್ಥಳಾಂತರಗೊಂಡದ್ದು ಒಂದೇ ದೊಡ್ಡ ಬಿರುಗಾಳಿಗೆ ಹೆದರಿ ಅಲ್ಲ. ಇಂತಹ ಕುಸಿತ ಹಲವು ದಶಕ ನಡೆದುದರಿಂದ. ಶಿಶ್ಮರೆಫ್‌ನವರು ಸ್ಥಳಾಂತರಕ್ಕಾಗಿ 2002ರಲ್ಲೂ 2016ರಲ್ಲೂ ಮತ ಹಾಕಿದರೂ ಇನ್ನೂ ಅದೇ ದ್ವೀಪದಲ್ಲಿದ್ದಾರೆ. ನೀವು ಯಾವ ಹಳ್ಳಿಯ ಅಪಾಯವನ್ನು ಅಳೆದರೂ, ನೀರಿನ ಮಟ್ಟದ ಪಕ್ಕದಲ್ಲಿ ನೆಲದ ಎತ್ತರವನ್ನು ಅಳೆದ ವರ್ಷವನ್ನೂ ನಮೂದಿಸಿ. ಹತ್ತು ವರ್ಷ ಹಳೆಯ ಎತ್ತರವನ್ನು ಅಲ್ಲಿ ಇಂದಿನ ಎತ್ತರವೆಂದು ನಂಬುವಂತಿಲ್ಲ.