ಗೇಟ್‌ವೇಯಿಂದ ಜಮಾ ಆದ ಹಣ ಲೆಕ್ಕಕ್ಕಿಂತ ಕಡಿಮೆ: ಒಪ್ಪಂದದ ಪದಗಳನ್ನು ಬಲ್ಲವರು ತಿಳಿಸಿರಿ

ಸೆರಗು_ಇಳಕಲ್: ಕಳೆದ ವಾರ ನನ್ನ ಜಾಲತಾಣದಲ್ಲಿ 48,000 ರೂಪಾಯಿಯ ಸೀರೆಗಳು ಮಾರಾಟವಾದವು. ಶುಲ್ಕ ಶೇ. 2 ಎಂದು ಗಿರಾಕಿಗಳ ಆನ್‌ಲೈನ್ ಪಾವತಿಯನ್ನು ಪಡೆದು ನನ್ನ ಖಾತೆಗೆ ಹಾಕುವ ಗೇಟ್‌ವೇ ಕಂಪನಿಯವರು ಹೇಳಿದ್ದರು. ಅದನ್ನು ಕಳೆದರೆ 47,040 ಬರಬೇಕಿತ್ತು, ಖಾತೆಗೆ ಬಂದದ್ದು 39,267.20. ಕೇಳಿದರೆ ‘ಷರತ್ತುಗಳನ್ನು ಓದಿ’ ಎಂಬ ಒಂದೇ ಸಾಲಿನ ಉತ್ತರ. ಓದಲು ಕುಳಿತರೆ ಸೆಟಲ್‌ಮೆಂಟ್, ರಿಸರ್ವ್, ಚಾರ್ಜ್‌ಬ್ಯಾಕ್ ಎಂಬ ಪದಗಳೇ ತುಂಬಿವೆ. ಶನಿವಾರ ನೇಕಾರರಿಗೆ ಮಜೂರಿ ಕೊಡಬೇಕು. ಇದು ಹಗಲು ದರೋಡೆಯಲ್ಲದೆ ಮತ್ತೇನು?

ಗುಮ್ಮಟ_ವಿಜಯಪುರ: ಇದು ಜಿಎಸ್‌ಟಿ, ಮೇಡಂ. ಗೇಟ್‌ವೇ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೇರೆಯಾಗಿ ಬೀಳುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಟಿಳಕವಾಡಿ_ಲೆಕ್ಕ: ಶುಲ್ಕ 960, ಅದರ ಮೇಲಿನ ಜಿಎಸ್‌ಟಿ 172.80. ಎರಡೂ ಸೇರಿ 1,132.80 ಮಾತ್ರ. ಉಳಿದ 7,600 ಎಲ್ಲಿ ಹೋಯಿತು?

ಗುಮ್ಮಟ_ವಿಜಯಪುರ: ಹಾಗಾದರೆ ಜಿಎಸ್‌ಟಿಯ ಜೊತೆಗೆ ಟಿಡಿಎಸ್ ಕೂಡ ಹಿಡಿದಿರಬೇಕು. ಆನ್‌ಲೈನ್ ಮಾರಾಟಕ್ಕೆ ಶೇ. 1 ಇದೆ.

ಟಿಳಕವಾಡಿ_ಲೆಕ್ಕ: ಆ ದರ 2024ರ ಅಕ್ಟೋಬರ್ 1ರಿಂದ ಶೇ. 0.1ಕ್ಕೆ ಇಳಿದಿದೆ. ಅದೂ ಇತರರ ಸರಕನ್ನು ಮಾರಿಕೊಡುವ ಮಾರುಕಟ್ಟೆ ತಾಣಗಳು ಹಿಡಿಯುವ ತೆರಿಗೆ. ಇವರದು ಸ್ವಂತ ತಾಣ. ಹಿಡಿದಿದ್ದರೂ 48 ರೂಪಾಯಿ ಆಗುತ್ತಿತ್ತು.

ಕರದಂಟು_ಅಮೀನಗಡ: ಶೇ. 2 ಕೊಡುವುದೇ ತಪ್ಪು. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಎಂಡಿಆರ್, ಅಂದರೆ ಪ್ರತಿ ಪಾವತಿಗೆ ಅಂಗಡಿಯವರಿಂದ ಹಿಡಿಯುವ ಶುಲ್ಕ, ಸೊನ್ನೆ. ನಾನು ಎರಡು ಗೇಟ್‌ವೇ ಇಟ್ಟುಕೊಂಡಿದ್ದೇನೆ. ಒಂದು ಕೈಕೊಟ್ಟರೆ ಪಾವತಿ ತಾನಾಗಿ ಇನ್ನೊಂದಕ್ಕೆ ಹೊರಳುತ್ತದೆ, ದೀಪಾವಳಿಯ ಗದ್ದಲದಲ್ಲಿಯೂ ಒಂದು ಆರ್ಡರ್ ತಪ್ಪಿಲ್ಲ.

ಟಿಳಕವಾಡಿ_ಲೆಕ್ಕ: ನಿಮ್ಮ ವ್ಯವಸ್ಥೆ ಚೆನ್ನಾಗಿದೆ ಸರ್, ಆದರೆ ಅದು ಇವರ 7,600 ರೂಪಾಯಿಗೆ ಉತ್ತರವಲ್ಲ. ಎಂಡಿಆರ್ ಎಂಬುದು ಕಾರ್ಡ್ ಕೊಟ್ಟ ಬ್ಯಾಂಕು, ಅಂಗಡಿಯವರ ಬ್ಯಾಂಕು, ಕಾರ್ಡ್ ಜಾಲ ಇವು ಹಂಚಿಕೊಳ್ಳುವ ಪಾಲು. ಅದು ಸೊನ್ನೆಯಾದ ಕಡೆಯೂ ಗೇಟ್‌ವೇ ಕಂಪನಿಗಳು ‘ಪ್ಲಾಟ್‌ಫಾರ್ಮ್ ಶುಲ್ಕ’ ಎಂದು ತಮ್ಮದನ್ನು ಹಾಕುವುದುಂಟು.

ಕರದಂಟು_ಅಮೀನಗಡ: ಹೆಸರು ಬದಲಿಸಿದರೆ ಶುಲ್ಕ ಶುಲ್ಕವಲ್ಲದೆ ಹೋಗುತ್ತದೆಯೇ?

ಟಿಳಕವಾಡಿ_ಲೆಕ್ಕ: ಆ ವಾದಕ್ಕೆ ಬೇರೆ ಚರ್ಚೆ ತೆರೆಯಿರಿ. ಮೇಡಂ, ಡ್ಯಾಶ್‌ಬೋರ್ಡಿನಿಂದ ಸೆಟಲ್‌ಮೆಂಟ್ (ಮಾರಾಟದ ಹಣವನ್ನು ನಿಮ್ಮ ಖಾತೆಗೆ ಸಲ್ಲಿಸುವುದು) ವರದಿಯನ್ನು ಇಳಿಸಿಕೊಂಡು, ಅದರಲ್ಲಿ ಕಡಿತದ ಪ್ರತಿ ಸಾಲಿಗೆ ಏನು ಹೆಸರಿದೆ ಎಂದು ತಿಳಿಸಿರಿ. ಹಣ ಪಡೆದ ಎಷ್ಟು ದಿನಕ್ಕೆ ಸೀರೆ ಕಳಿಸುತ್ತೀರಿ?

ಸೆರಗು_ಇಳಕಲ್: ‘ರೋಲಿಂಗ್ ರಿಸರ್ವ್’ 4,800, ‘ಚಾರ್ಜ್‌ಬ್ಯಾಕ್ ಹೋಲ್ಡ್’ 2,800. ಸೀರೆ ಕಳಿಸಲು ಮೂರು ವಾರ ಬೇಕು. ಆರ್ಡರ್ ಬಂದ ಮೇಲೆಯೇ ಮಗ್ಗಕ್ಕೆ ಹಾಕಿಸುತ್ತೇನೆ, ಇದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?

ಟಿಳಕವಾಡಿ_ಲೆಕ್ಕ: ಇಳಕಲ್‌ನಲ್ಲಿ ಗೊತ್ತು, ಗೇಟ್‌ವೇಯವರಿಗೆ ಗೊತ್ತಿಲ್ಲ, ಗೊತ್ತಾದಾಗ ಅವರಿಗೆ ಅದು ಅಪಾಯವಾಗಿಯೇ ಕಾಣುತ್ತದೆ. ಗಿರಾಕಿ ಇಂದು ಹಣ ಕೊಟ್ಟು ಮೂರು ವಾರ ಕಾಯುವಾಗ, ನಡುವೆ ನೀವು ವ್ಯಾಪಾರ ನಿಲ್ಲಿಸಿದರೆ ಆ ಹಣವನ್ನು ತಾವೇ ಮರಳಿಸಬೇಕಾದೀತು ಎಂದು ಪ್ರತಿ ಮಾರಾಟದ ಒಂದು ಪಾಲನ್ನು, ನಿಮ್ಮಲ್ಲಿ ಶೇ. 10ನ್ನು, ತಡೆದಿಟ್ಟುಕೊಂಡಿದ್ದಾರೆ. ಅದೇ ರೋಲಿಂಗ್ ರಿಸರ್ವ್, ಅದು ನಿಮ್ಮದೇ ಹಣ. ಅವಧಿ ಮುಗಿದಂತೆ ಕಂತು ಕಂತಾಗಿ ಮರಳಬೇಕು. 2020ರ ರಿಸರ್ವ್ ಬ್ಯಾಂಕ್ ಮಾರ್ಗಸೂಚಿಯಲ್ಲಿಯೂ, ಸರಕು ತಲುಪಿಸುವ ಹೊಣೆ ಮಾರುವವರದಾಗಿದ್ದರೆ ಸೆಟಲ್‌ಮೆಂಟಿನ ಗಡುವನ್ನು ಗಿರಾಕಿ ಹಣ ಕೊಟ್ಟ ದಿನದಿಂದಲ್ಲ, ಸರಕು ತಲುಪಿತೆಂದು ಮಾರುವವರು ಖಚಿತಪಡಿಸಿದ ದಿನದಿಂದ ಎಣಿಸಿದ್ದರು. ‘ಟಿ+2’, ಅಂದರೆ ‘ಟಿ’ ದಿನದ ಬಳಿಕ ಎರಡು ದಿನಕ್ಕೆ ಹಣ, ಎಂದು ಕಂಡಾಗ ಆ ‘ಟಿ’ ಯಾವ ದಿನವೆಂದು ಮೊದಲು ಕೇಳಬೇಕು.

ಚಾರ್ಜ್‌ಬ್ಯಾಕ್ ಬೇರೆ ವಿಷಯ. ರಿಫಂಡ್ ನೀವು ಕೊಡುವುದು. ಚಾರ್ಜ್‌ಬ್ಯಾಕ್ ಎಂದರೆ ಗಿರಾಕಿ ನಿಮ್ಮನ್ನು ಬಿಟ್ಟು ತನ್ನ ಬ್ಯಾಂಕಿಗೆ ದೂರಿ ಹಣವನ್ನು ಹಿಂದಕ್ಕೆ ಎಳೆಯುವುದು. 2,800ರ ಗಿರಾಕಿ ಯಾರು?

ಸೆರಗು_ಇಳಕಲ್: ಹಿಂದಿನ ತಿಂಗಳಿನ ಪುಣೆಯ ಆರ್ಡರ್, ಸೀರೆ ಇನ್ನೂ ಮಗ್ಗದ ಮೇಲಿದೆ. ಈಗಲೇ ರಿಫಂಡ್ ಮಾಡಿ ಮುಗಿಸಿಬಿಡಲೇ?

ಟಿಳಕವಾಡಿ_ಲೆಕ್ಕ: ಬೇಡ. ದೂರು ತೆರೆದಿರುವಾಗ ನೀವೂ ರಿಫಂಡ್ ಕೊಟ್ಟರೆ ಹಣ ಎರಡು ಸಲ ಹೋದೀತು. ಕೊರಿಯರ್ ರಸೀದಿ ಇಲ್ಲದ್ದರಿಂದ ವಾದದಲ್ಲಿ ನಿಮ್ಮ ಕೈ ಮೇಲಾಗುವುದು ಕಷ್ಟ. ಅವರಿಗೆ ಫೋನ್ ಮಾಡಿ. ಕಾಯಲು ಒಪ್ಪಿದರೆ ತಮ್ಮ ಬ್ಯಾಂಕಿನಲ್ಲಿಯೇ ದೂರನ್ನು ಹಿಂಪಡೆಯಲಿ, ಒಪ್ಪದಿದ್ದರೆ ಚಾರ್ಜ್‌ಬ್ಯಾಕನ್ನು ಒಪ್ಪಿಕೊಂಡುಬಿಡಿ. ಮೂರು ವಾರದ ವಿಷಯವನ್ನು ಹಣ ಕಟ್ಟುವ ಪುಟದಲ್ಲಿಯೇ ದಪ್ಪಕ್ಷರದಲ್ಲಿ ಹಾಕಿರಿ.

ಸೆರಗು_ಇಳಕಲ್: ಪುಣೆಯವರು ಕಾಯಲು ಒಪ್ಪಿದ್ದಾರೆ, ನಾಳೆ ಬ್ಯಾಂಕಿಗೆ ಹೋಗುವರಂತೆ. ಆದರೆ ರಿಸರ್ವ್ ಯಾವಾಗ ಬಿಡುಗಡೆ ಎಂಬಲ್ಲಿ ‘ಕಂಪನಿಯ ವಿವೇಚನೆಗೆ ಅನುಸಾರವಾಗಿ’ ಎಂದಷ್ಟೇ ಇದೆ.

ಟಿಳಕವಾಡಿ_ಲೆಕ್ಕ: ಆ ಷರತ್ತಿನ ಸಂಖ್ಯೆಯನ್ನು ಹೆಸರಿಸಿ, ದಿನಗಳನ್ನು ಲಿಖಿತವಾಗಿ ತಿಳಿಸುವಂತೆ ಮೇಲ್ ಹಾಕಿರಿ. ಬಾಯಿಮಾತಿನ ಭರವಸೆಯನ್ನು ಒಪ್ಪಬೇಡಿ.

ಗುಮ್ಮಟ_ವಿಜಯಪುರ: ಅದೇನೇ ಇರಲಿ, ಆ 172.80 ಜಿಎಸ್‌ಟಿಯೇ ತಾನೆ? ಗೇಟ್‌ವೇಯವರ ಇನ್‌ವಾಯ್ಸಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಸರಿಯಾಗಿದೆಯೇ ನೋಡಿರಿ, ಇನ್‌ಪುಟ್ ಕ್ರೆಡಿಟ್ ಪಡೆಯಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು.