ವಿಶ್ವವಿದ್ಯಾಲಯದ ಜಾಗ ಊರಿಗೇ ಉಳಿಯುತ್ತಾ? ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕುಮಟಾ ಕಡೆ ಹೊಳೆಬದಿಯ ಊರು. ಊರ ತುದಿಯಲ್ಲಿ ಸುಮಾರು ಆರು ಎಕರೆ ಜಾಗ ಇದೆ. ಹೊಳೆಯಂಚಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಈಚೆ ಮರಳು ಬಯಲು. ಅರ್ಧ ಒಂದು ವಿಶ್ವವಿದ್ಯಾಲಯದ್ದು, ಅರ್ಧ ಸರ್ಕಾರದ್ದು. ನಮ್ಮತ್ತೆ ಬಂಗಡೆ ಒಣಗಿಸುವುದು ಅಲ್ಲೇ. ಬಲೆ ಹರವುವುದೂ ಅಲ್ಲೇ, ಹುಡುಗರ ಕ್ರಿಕೆಟ್ಟೂ ಅಲ್ಲೇ. ಈಗ ಇಬ್ಬರೂ ಸೇರಿ ಇದನ್ನು ಸಾರ್ವಜನಿಕರಿಗಾಗಿ ಉಳಿಸುತ್ತಾರಂತೆ. ಒಪ್ಪಂದಕ್ಕೆ ಸಹಿ ಆಯ್ತು, ಪೇಪರಿನಲ್ಲಿ ಫೋಟೋನೂ ಬಂತು. ನಾಳೆ ಬೇಲಿ ಹಾಕಿ ನಮ್ಮನ್ನೇ ಹೊರಗಿಟ್ಟರೆ ಏನು ಮಾಡೋದು?

ಉತ್ತರ (ಜಮೀನಿನ ಕೇಸು ನೋಡುವ ವಕೀಲ): ಫೋಟೋ ಬಿಡಿ ತಂಗಿ, ಪಹಣಿ ತೆಗೆಸಿ. ಇಬ್ಬರು ಮಾಡಿಕೊಂಡ ಒಪ್ಪಂದವನ್ನು ಅದೇ ಇಬ್ಬರು ಕೂತು ಬದಲಾಯಿಸಬಹುದು. ಅದರಲ್ಲಿ ಊರಿನವರ ಸಹಿ ಇಲ್ಲವಲ್ಲ.

ಸರ್ಕಾರದ ಅರ್ಧ ಸುಲಭ. ಭೂಕಂದಾಯ ಕಾಯ್ದೆ 1964ರ 71ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿ ಅದನ್ನು ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸಬಹುದು. ಹಾಗೆ ಕಾದಿರಿಸಿದ್ದನ್ನು ಅವರ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ. ಆದೇಶ ಆಯ್ತು ಅಂತ ಸುಮ್ನೆ ಕೂರಬೇಡಿ. ಅದು ಪಹಣಿಯ 11ನೇ ಕಾಲಮಿನಲ್ಲಿ, ಅಂದರೆ ಇತರ ಹಕ್ಕುಗಳನ್ನು ಬರೆಯುವ ಅಂಕಣದಲ್ಲಿ, ಏರಿದೆಯಾ ನೋಡಿ. ಅಷ್ಟು ಮಾಡದೆ ಹದಿನೈದು ವರ್ಷ ಬಿಟ್ಟು ನನ್ನ ಹತ್ತಿರ ಬಂದವರು ಬೇಕಾದಷ್ಟು ಜನ ಇದ್ದಾರೆ.

ಕಷ್ಟ ಇರುವುದು ವಿಶ್ವವಿದ್ಯಾಲಯದ ಅರ್ಧದಲ್ಲಿ. ಸರ್ಕಾರದ ದುಡ್ಡಿನಿಂದ ನಡೆದರೂ ಕಾನೂನಿನ ಕಣ್ಣಿಗೆ ಅದು ಬೇರೆಯೇ ಸಂಸ್ಥೆ, ಅದರ ಹೆಸರಲ್ಲೇ ಆಸ್ತಿ ಇರುತ್ತದೆ. ಹಾಗಾಗಿ 71ನೇ ಕಲಮಿನ ದಾರಿ ಅಲ್ಲಿಗೆ ಹತ್ತುವುದಿಲ್ಲ.

ಇನ್ನೊಬ್ಬರು: ಸರ್, ನಮ್ಮ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಮಾಡಿದ್ದರಲ್ಲ, ಆ ಥರ ಇದನ್ನೂ ಮಾಡಬಹುದಲ್ವಾ?

ಉತ್ತರ: ಅದು 2011ರಲ್ಲಿ ಆಯ್ತು. ವನ್ಯಜೀವಿ ಕಾಯ್ದೆಯ 36ಎ ಕಲಂ. ಆದರೆ ಆ ಕಲಂ ಸರ್ಕಾರದ ಒಡೆತನದ ಜಾಗಕ್ಕೆ ಮಾತ್ರ. ಇಲ್ಲಿ ಹೆಚ್ಚು ಹೊಂದುವುದು ಜೀವವೈವಿಧ್ಯ ಕಾಯ್ದೆ 2002ರ 37ನೇ ಕಲಂ, ಅಂದರೆ ಪಾರಂಪರಿಕ ತಾಣ. ಬೆಂಗಳೂರಿನ ಜಿಕೆವಿಕೆ ಗೊತ್ತಲ್ಲ, ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್? ಅದನ್ನು 2010ರಲ್ಲಿ ರಾಜ್ಯ ಸರ್ಕಾರ ಹೀಗೇ ಘೋಷಿಸಿತು. ಜಾಗ ವಿಶ್ವವಿದ್ಯಾಲಯದ್ದೇ, ಘೋಷಣೆ ಸರ್ಕಾರದ್ದು. ಘೋಷಿಸುವ ಮುಂಚೆ ಸ್ಥಳೀಯ ಸಂಸ್ಥೆಯನ್ನು ಕೇಳಲೇಬೇಕು. ಅಂದರೆ ನಿಮ್ಮ ಪಂಚಾಯಿತಿಯನ್ನು. ಮೀನು ಒಣಗಿಸುವುದು, ಬಲೆ ಹರವುವುದು, ದೋಣಿ ಎಳೆಯುವುದು ಎಲ್ಲ ಪಂಚಾಯಿತಿಯ ಠರಾವಿನಲ್ಲೇ ಬರೆಸಿ. ‘ಸಾರ್ವಜನಿಕ ಉಪಯೋಗ’ ಅಂತ ಎರಡೇ ಪದ ಇಟ್ಟರೆ ನಾಳೆ ಟಿಕೆಟ್ ಇಟ್ಟ ಪಾರ್ಕೂ ಸಾರ್ವಜನಿಕ ಉಪಯೋಗವೇ!

ಕಾಂಡ್ಲಾ ಚಿಂತೆ ಬಿಡಿ. ಅದಕ್ಕೆ ಕರಾವಳಿ ನಿಯಂತ್ರಣ ವಲಯದ ರಕ್ಷಣೆ ಈಗಲೇ ಇದೆ. ಆತಂಕ ಇರುವುದು ಬಯಲಿಗೆ.

ಪ್ರಶ್ನೆ ಕೇಳಿದವರು: ಸರ್, ಪಹಣಿ ತಂದೆ. ವಿಶ್ವವಿದ್ಯಾಲಯದ ಸರ್ವೆ ನಂಬರಿನ 9ನೇ ಕಾಲಮಿನಲ್ಲಿ ಅವರದ್ದೇ ಹೆಸರು. 11 ಖಾಲಿ. ಆದರೆ 3ನೇ ಕಾಲಮಿನಲ್ಲಿ ‘ಬ’ ಖರಾಬು 12 ಗುಂಟೆ ಅಂತಿದೆ. ಏನದು?

ಉತ್ತರ: ಒಳ್ಳೇದನ್ನೇ ಹುಡುಕಿದಿರಿ ಮಾರಾಯ್ರೆ. ‘ಅ’ ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ. ‘ಬ’ ಅಂದರೆ ದಾರಿ, ಹಳ್ಳ, ಸ್ಮಶಾನದ ಥರ ಸಾರ್ವಜನಿಕರಿಗೆ ಬಿಟ್ಟ ಜಾಗ. ಆ 12 ಗುಂಟೆಗೆ ಯಾರೂ ಬೇಲಿ ಹಾಕುವಂತಿಲ್ಲ. ಬಹುಶಃ ಹೊಳೆಗಿಳಿಯುವ ಹಳೇ ದಾರಿ. ಅದು ನೆಲದ ಮೇಲೆ ಎಲ್ಲಿ ಬೀಳುತ್ತದೆ ಅನ್ನುವುದು ಪಹಣಿಯಲ್ಲಿ ಸಿಗಲ್ಲ, ಸರ್ವೆ ನಕ್ಷೆ ತೆಗೆಸಬೇಕು. ಅಳತೆಗೆ ಬಂದ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ತಲೆಮೇಲೆ ಬುಟ್ಟಿ ಹೊತ್ತು ಯಾವ ದಾರಿಯಲ್ಲಿ ಇಳಿಯುತ್ತಿದ್ದರು ಅಂತ ಅವರೇ ತೋರಿಸಲಿ.